ಹಾರಿಸುವ ಮೊದಲು ಒಮ್ಮೆ ರಿಮೋಟ್ ಆಫ್ ಮಾಡಿ ನೋಡಿ

ಮನೆಯಲ್ಲಿ ಆರ್‌ಸಿ ವಿಮಾನ (ರಿಮೋಟಿನಲ್ಲಿ ಹಾರಿಸುವ ಪುಟ್ಟ ವಿಮಾನ) ಕಟ್ಟುತ್ತಿರುವವರು, ಮಕ್ಕಳಿಗೆ ಕಟ್ಟಿಕೊಡುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೋದ ತಿಂಗಳು ಮಂಡ್ಯದ ಹತ್ತಿರ ನಮ್ಮ ವಿಮಾನ ಕೈತಪ್ಪಿತು. ಗದ್ದೆ ಬದುವಿನಲ್ಲಿ ಹುಲ್ಲು ಕುಯ್ಯುತ್ತಿದ್ದ ವಯಸ್ಸಾದ ಹೆಂಗಸೊಬ್ಬರ ತಲೆಯ ಮೇಲೇ ಹಾದುಹೋಯಿತು. ಅವರು ಕೈ ಎತ್ತಿದ್ದರೆ ಕೈಗೆ ತಾಗುತ್ತಿತ್ತು, ಅಷ್ಟೇ ಅಂತರ. ಅವರಿಗೆ ಏನೂ ಆಗಲಿಲ್ಲ. ಆದರೆ ತಪ್ಪು ಪೂರ್ತಿ ನಮ್ಮದು. ಹಾರಿಸುವುದರಲ್ಲಿ ಆದ ತಪ್ಪಲ್ಲ ಅದು. ಹಿಂದಿನ ರಾತ್ರಿ ಮನೆಯ ಮೇಜಿನ ಮೇಲೆ ಆದ ತಪ್ಪು.

ಅಕ್ಕನ ಮಗಳು ಸೆಕೆಂಡ್ ಪಿಯುಸಿ ಓದುತ್ತಿದ್ದಾಳೆ. ವಿಮಾನದ ಹುಚ್ಚು ಮೊದಲಿಂದಲೂ ಇದೆ. ಇಬ್ಬರೂ ಸೇರಿ ಫೋಮ್ ಬೋರ್ಡಿನಲ್ಲಿ ಒಂದು ಕಟ್ಟಿದೆವು. ರೆಕ್ಕೆ ಸುಮಾರು ನಾಲ್ಕು ಅಡಿ. ಎಲ್ಲರೂ ಹಾಕುವ ಸಾಮಾನೇ ನಾವೂ ಹಾಕಿದ್ದು: 1000 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ ಸಾವಿರ ಸುತ್ತಿನ ಲೆಕ್ಕದ) ಮೋಟಾರ್, 30 ಆಂಪ್ಸ್ ಇಎಸ್‌ಸಿ (ಮೋಟಾರಿನ ವೇಗ ಹಿಡಿತದಲ್ಲಿಡುವ ಸರ್ಕ್ಯೂಟ್), 10 ಇಂಚಿನ ಪ್ರೊಪೆಲ್ಲರ್, ಮೂರು ಸೆಲ್ಲಿನ 2200 ಎಂಎಎಚ್ ಲೈಪೊ (ಲಿಥಿಯಂ ಪಾಲಿಮರ್) ಬ್ಯಾಟರಿ, ರೆಕ್ಕೆ ಬಾಲದ ಪಟ್ಟಿಗಳನ್ನು ಆಡಿಸುವ ನಾಲ್ಕು ಪುಟ್ಟ 9 ಗ್ರಾಂ ಸರ್ವೊ ಮೋಟಾರು. ಎಲ್ಲ ಸೇರಿ ಒಂದು ಕೆಜಿಗೆ ಸ್ವಲ್ಪ ಕಡಿಮೆ. ಒಂದು ಕೆಜಿ ಅಂದರೆ ಹಗುರ ಅನ್ನಿಸುತ್ತದೆ ಅಲ್ವಾ? ಆ ಪ್ರೊಪೆಲ್ಲರ್ ಫುಲ್ ಥ್ರಾಟಲ್‌ನಲ್ಲಿ, ಅಂದರೆ ಮೋಟಾರಿಗೆ ಪೂರ್ತಿ ವೇಗ ಕೊಟ್ಟಾಗ, ನಿಮಿಷಕ್ಕೆ ಆರೇಳು ಸಾವಿರ ಸುತ್ತು ತಿರುಗುತ್ತದೆ. ಬೆರಳು ಸಿಕ್ಕರೆ ಬೆರಳು ಹೋಯಿತು ಅಂತಲೇ ಲೆಕ್ಕ.

ಸಂಕ್ರಾಂತಿ ಮುಗಿದಿತ್ತು. ಭತ್ತ ಕುಯ್ದ ಗದ್ದೆಗಳು ಖಾಲಿ ಬಿದ್ದಿದ್ದವು. ನಮಗೆ ಗೊತ್ತಿರುವ ಒಬ್ಬರ ಬಯಲು, ಪಕ್ಕದಲ್ಲಿ ನಾಲೆ, ಆಚೆಗೆ ಆಳೆತ್ತರದ ಕಬ್ಬು. ಬೆಳಗ್ಗೆ ಏಳು ಗಂಟೆ, ಗಾಳಿ ಇಲ್ಲ. ಮೊದಲ ಎರಡು ಸುತ್ತು ಹತ್ತಿರದಲ್ಲೇ ಹಾರಿಸಿದಳು. ಎಷ್ಟು ಚೆನ್ನಾಗಿ ಹಾರಿತು ಅಂದರೆ ಇಬ್ಬರೂ ಚಪ್ಪಾಳೆ ಹೊಡೆಯುವುದೊಂದು ಬಾಕಿ. ಮೂರನೇ ಸುತ್ತಿಗೆ ಕಬ್ಬಿನ ಕಡೆಗೆ ಸ್ವಲ್ಪ ದೂರ ಬಿಟ್ಟಳು. ಇನ್ನೂರು ಮೀಟರ್ ಇದ್ದಿರಬಹುದು. ತಿರುಗಿಸಲು ಹೋದಳು. ತಿರುಗಲಿಲ್ಲ.

"ಮಾವ, ಕೈಗೆ ಸಿಗ್ತಿಲ್ಲ!"

ರಿಮೋಟ್ ಕಿತ್ತುಕೊಂಡು ಥ್ರಾಟಲ್ ಕಡ್ಡಿಯನ್ನು ಪೂರ್ತಿ ಕೆಳಗೆ ಎಳೆದೆ. ಮೋಟಾರಿನ ಸದ್ದು ಇಳಿಯಲಿಲ್ಲ. ಯಾರೋ ಕೂತು ಓಡಿಸುತ್ತಿರುವ ಹಾಗೆ ವಿಮಾನ ನೇರ ಹೋಗುತ್ತಲೇ ಇತ್ತು, ನಿಧಾನಕ್ಕೆ ಇಳಿಯುತ್ತಾ. ಬದುವಿನ ಮೇಲೆ ಆ ಅಜ್ಜಿ ಬಗ್ಗಿದ್ದರು. ನಾವಿಬ್ಬರೂ ಕೂಗಿದ್ದು ಅವರಿಗೆ ಕೇಳಿಸಲಿಲ್ಲ. ವಿಮಾನ ಅವರನ್ನು ದಾಟಿ ಕಬ್ಬಿನೊಳಗೆ ನುಗ್ಗಿದ ಮೇಲೆಯೇ ನನಗೆ ಉಸಿರು ಬಂದದ್ದು.

ಓಡಿದೆವು. ಕಬ್ಬಿನ ಒಳಗಿಂದ ಗರಗರ ಸದ್ದು ಬರುತ್ತಲೇ ಇತ್ತು. ಪ್ರೊಪೆಲ್ಲರ್ ಮುರಿದು ಗೇಣುದ್ದದ್ದು ಬೆರಳುದ್ದ ಆಗಿತ್ತು, ಆ ಮೋಟುಗಳೇ ಸೋಗೆಯನ್ನು ಕೊಚ್ಚುತ್ತಾ ತಿರುಗುತ್ತಿದ್ದವು. ನಾನು ರಿಮೋಟ್ ಹಿಡಿದುಕೊಂಡೇ ಸಾಲಿನೊಳಗೆ ನುಗ್ಗಿದೆ. ಏಳೆಂಟು ಹೆಜ್ಜೆ ದೂರ ಇರುವಾಗ ಮೋಟಾರ್ ತಾನಾಗಿ ನಿಂತಿತು. ಆಗ ಅರ್ಥವಾಯಿತು. ಕೆಟ್ಟಿರುವುದು ಏನೂ ಇಲ್ಲ. ಇಷ್ಟು ಹೊತ್ತು ಸಿಗ್ನಲ್ ತಲುಪುತ್ತಿರಲಿಲ್ಲ. ಹತ್ತಿರ ಬಂದಾಗ ತಲುಪಿತು, ಕಡ್ಡಿ ಕೆಳಗಿದ್ದದ್ದರಿಂದ ಮೋಟಾರ್ ನಿಂತಿತು.

ಅಜ್ಜಿ ಅಲ್ಲೇ ಕೂತುಬಿಟ್ಟಿದ್ದರು. "ಏನಪ್ಪಾ ಅದು, ಹದ್ದು ಎರಗ್ದಂಗೆ ಬಂತಲ್ಲ? ಒಸಿ ತಗ್ಗಿದ್ರೆ ನನ್ ಗತಿ?" ಅಂದರು. ಕೈ ಮುಗಿದು ತಪ್ಪಾಯಿತು ಅವ್ವ ಅಂದೆ. ಅಳುತ್ತಿದ್ದ ಹುಡುಗಿಯನ್ನು ನೋಡಿ, "ಮಗೀಗೆ ಏನೂ ಅನ್ಬ್ಯಾಡ ಕಣಪ್ಪ" ಅಂತ ನನಗೇ ಹೇಳಿದರು. ಆ ಮಾತು ಇನ್ನೂ ಕಿವಿಯಲ್ಲಿದೆ.

ಮನೆಗೆ ಬಂದು ವಿಮಾನದ ಹೊಟ್ಟೆ ಬಿಚ್ಚಿದೆ. ರೆಕ್ಕೆಗೆ ಬಲ ಬರಲಿ ಅಂತ ಒಂದು ಕಾರ್ಬನ್ ಕೊಳವೆ ಹಾಕಿದ್ದೆವು. ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರಿನ ಎರಡು ಆಂಟೆನಾ ತಂತಿಗಳನ್ನೂ ನೀಟಾಗಿ ಕಾಣಲಿ ಅಂತ ಆ ಕೊಳವೆಯ ಮೇಲೇ ಉದ್ದಕ್ಕೆ ಟೇಪ್ ಹಾಕಿ ಅಂಟಿಸಿದ್ದೆ. ಕೆಳಗೆ ಬ್ಯಾಟರಿ. ಒಂದು ತಂತಿಯ ತುದಿ ಬ್ಯಾಟರಿಗೆ ಸಿಕ್ಕಿ ಮಡಚಿಕೊಂಡಿತ್ತು.

2.4 ಗಿಗಾಹರ್ಟ್ಸ್ ರಿಸೀವರಿನ ಆಂಟೆನಾದಲ್ಲಿ ನಿಜವಾಗಿ ಕೆಲಸ ಮಾಡುವುದು ತುದಿಯ ಮೂರು ಸೆಂಟಿಮೀಟರ್ ಮಾತ್ರ, ಹೊದಿಕೆ ಸುಲಿದು ತೆಳ್ಳಗೆ ಕಾಣುವ ಭಾಗ. ಉಳಿದದ್ದು ಬರೀ ಕೇಬಲ್. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ, ಹಾಗಾಗಿ ಅದು ಲೋಹದ ತಗಡಿನಂತೆ ಸಿಗ್ನಲ್ಲನ್ನು ತಡೆಯುತ್ತದೆ. ಬ್ಯಾಟರಿಯೂ ಅಷ್ಟೇ. ಹತ್ತಿರದಲ್ಲಿ ಸಿಗ್ನಲ್ ಜೋರಾಗಿರುವುದರಿಂದ ಏನೂ ಗೊತ್ತಾಗುವುದಿಲ್ಲ. ದೂರ ಹೋಗಿ, ವಿಮಾನ ಒಂದು ಪಕ್ಕಕ್ಕೆ ವಾಲಿ, ಕೊಳವೆಯೋ ಬ್ಯಾಟರಿಯೋ ನಿಮಗೂ ಆಂಟೆನಾಕ್ಕೂ ನಡುವೆ ಬಂದಾಗ ಕಡಿದುಹೋಗುತ್ತದೆ. ಎರಡು ತುದಿಗಳೂ ಕಾರ್ಬನ್, ಬ್ಯಾಟರಿ, ಮೋಟಾರ್ ತಂತಿಗಳಿಂದ ದೂರ ಇರಬೇಕು. ಒಂದು ಅಡ್ಡ ಇದ್ದರೆ ಇನ್ನೊಂದು ನೆಟ್ಟಗೆ, ಮೂಲೆಮಟ್ಟದ ಹಾಗೆ. ಒಂದಕ್ಕೆ ಸಿಗದಿದ್ದರೆ ಇನ್ನೊಂದಕ್ಕೆ ಸಿಗಲಿ ಅಂತಲೇ ಎರಡು ಕೊಟ್ಟಿರುವುದು. ನಾನು ಎರಡನ್ನೂ ಒಂದೇ ದಿಕ್ಕಿಗೆ ಮಲಗಿಸಿದ್ದೆ.

ಆದರೂ ಸಿಗ್ನಲ್ ಹೋಗುವುದು ದೊಡ್ಡ ಅಪಾಯ ಅಲ್ಲ. ಒಳ್ಳೆ ಸಾಮಾನು ಹಾಕಿದವರಿಗೂ ಒಮ್ಮೊಮ್ಮೆ ಹೋಗುತ್ತದೆ. ಸಿಗ್ನಲ್ ಹೋದ ಮೇಲೆ ವಿಮಾನ ಏನು ಮಾಡುತ್ತದೆ ಅನ್ನುವುದೇ ಮುಖ್ಯ. ಅದನ್ನು ತೀರ್ಮಾನಿಸುವುದು ಫೇಲ್‌ಸೇಫ್. ಕೆಲವು ರಿಸೀವರುಗಳು ಕೊನೆಗೆ ಸಿಕ್ಕ ಆಜ್ಞೆಯನ್ನೇ ಹಿಡಿದುಕೊಂಡು ಕೂರುತ್ತವೆ. ಕೆಲವು, ಬೈಂಡ್ ಮಾಡುವಾಗ (ರಿಮೋಟಿಗೂ ರಿಸೀವರಿಗೂ ಜೋಡಿ ಮಾಡಿಸುವಾಗ) ಕಡ್ಡಿಗಳು ಎಲ್ಲಿದ್ದವೋ ಅದನ್ನೇ ಫೇಲ್‌ಸೇಫ್ ಅಂತ ನೆನಪಿಟ್ಟುಕೊಳ್ಳುತ್ತವೆ. ನಮ್ಮದು ಎರಡನೇ ಜಾತಿ. ಹಿಂದಿನ ರಾತ್ರಿ ಯಾವುದೋ ಕಾರಣಕ್ಕೆ ಮತ್ತೆ ಬೈಂಡ್ ಮಾಡಿದ್ದೆವು. ಆಗ ಥ್ರಾಟಲ್ ಕಡ್ಡಿ ಅರ್ಧದಲ್ಲಿತ್ತು. ಇಎಸ್‌ಸಿ ಬೀಪ್ ಬೀಪ್ ಅಂತ ಹೊಡೆದುಕೊಳ್ಳುತ್ತಿತ್ತು. ಬೈಂಡ್ ಆದ ಮೇಲೆ ಕಡ್ಡಿ ಕೆಳಗೆ ತಂದೆವು, ಸದ್ದು ನಿಂತಿತು, ಎಲ್ಲ ಸರಿಯಾಯಿತು ಅಂದುಕೊಂಡೆವು. ಆದರೆ ರಿಸೀವರ್ ಅರ್ಧ ಥ್ರಾಟಲ್ಲನ್ನು ಬರೆದಿಟ್ಟುಕೊಂಡಿತ್ತು, ರೆಕ್ಕೆ ಬಾಲ ಎಲ್ಲ ನೇರಕ್ಕೆ. ಬೆಳಗ್ಗೆ ಸಿಗ್ನಲ್ ಹೋದ ತಕ್ಷಣ ಅದನ್ನೇ ಮಾಡಿತು.

ಇದನ್ನು ಕಂಡುಹಿಡಿಯಲು ಎರಡು ನಿಮಿಷ ಸಾಕಿತ್ತು. ಪ್ರೊಪೆಲ್ಲರ್ ಬಿಚ್ಚಿ ಪಕ್ಕಕ್ಕಿಡಿ. ಇದನ್ನು ಬಿಡಲೇಬೇಡಿ, ಮೇಜಿನ ಮೇಲೆ ಏನೇ ಸೆಟ್ ಮಾಡುವಾಗಲೂ ಪ್ರೊಪೆಲ್ಲರ್ ಇರಕೂಡದು. ಮೊದಲು ರಿಮೋಟ್ ಆನ್, ಆಮೇಲೆ ಬ್ಯಾಟರಿ. ಥ್ರಾಟಲ್ ಸ್ವಲ್ಪ ಏರಿಸಿ, ಮೋಟಾರ್ ತಿರುಗಲಿ. ಈಗ ರಿಮೋಟನ್ನು ಆಫ್ ಮಾಡಿ. ಮೋಟಾರ್ ನಿಲ್ಲಬೇಕು. ನಿಲ್ಲದಿದ್ದರೆ ಬ್ಯಾಟರಿ ತೆಗೆದು, ಥ್ರಾಟಲ್ ಪೂರ್ತಿ ಕೆಳಗಿಟ್ಟು ಮತ್ತೆ ಬೈಂಡ್ ಮಾಡಿ, ಇಲ್ಲವೇ ರಿಮೋಟಿನ ಮೆನುವಿನಲ್ಲಿ ಫೇಲ್‌ಸೇಫ್ ಸೆಟ್ ಮಾಡಿ, ಮತ್ತೆ ಪರೀಕ್ಷೆ ಮಾಡಿ. ಪ್ರತಿ ಸಲ ಬೈಂಡ್ ಮಾಡಿದಾಗಲೂ ಇದು ಆಗಲೇಬೇಕು. ಬರೀ ಈ ಪರೀಕ್ಷೆಗೆ ಮಾತ್ರ ರಿಮೋಟನ್ನು ಮೊದಲು ಆಫ್ ಮಾಡುವುದು. ಬೇರೆ ದಿನ ಯಾವಾಗಲೂ ಬ್ಯಾಟರಿ ತೆಗೆದ ಮೇಲೆಯೇ ರಿಮೋಟ್ ಆಫ್.

ಬಯಲಿಗೆ ಹೋದ ಮೇಲೆ ರೇಂಜ್ ಟೆಸ್ಟ್. ಹೆಚ್ಚಿನ ರಿಮೋಟ್‌ಗಳಲ್ಲಿ ಸಿಗ್ನಲ್ ಶಕ್ತಿ ತಗ್ಗಿಸಿ ನೋಡುವ ವ್ಯವಸ್ಥೆ ಇರುತ್ತದೆ. ಅದನ್ನು ಆನ್ ಮಾಡಿ ಮೂವತ್ತು ಹೆಜ್ಜೆ ಹಿಂದೆ ಹೋಗಿ. ಇನ್ನೊಬ್ಬರು ವಿಮಾನ ಹಿಡಿದು ನಾಲ್ಕೂ ದಿಕ್ಕಿಗೆ ತಿರುಗಿಸಲಿ. ಸರ್ವೊ ಎಲ್ಲಾದರೂ ತಡವರಿಸಿದರೆ ಅವತ್ತು ಹಾರಿಸಬೇಡಿ. ಜೊತೆಗೆ ಏಲೆರಾನ್ (ರೆಕ್ಕೆಯ ಹಿಂಬದಿಯಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿ) ದಿಕ್ಕನ್ನೂ ನೋಡಿಬಿಡಿ: ವಿಮಾನದ ಹಿಂದೆ ನಿಂತು ಕಡ್ಡಿ ಬಲಕ್ಕೆ ತಳ್ಳಿದರೆ ಬಲಗಡೆಯದು ಮೇಲೇಳಬೇಕು, ಎಡಗಡೆಯದು ಇಳಿಯಬೇಕು. ಉಲ್ಟಾ ಇದ್ದರೆ ಏರಿದ ಮರುಕ್ಷಣ ನೆಲಕ್ಕೆ. ಮೈಸೂರಿನವರು ಮಂಡಕಳ್ಳಿ ವಿಮಾನ ನಿಲ್ದಾಣದ ಸುತ್ತಮುತ್ತ ಹಾರಿಸಲೇಬೇಡಿ, ಜಾಗ ಆರಿಸುವ ಮೊದಲು, ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ತೆರೆದು ನೋಡಿ. ಮತ್ತೆ ಬಯಲು ಖಾಲಿ ಇದೆ ಅಂತ ನಮ್ಮ ಹಾಗೆ ಅಂದುಕೊಳ್ಳಬೇಡಿ. ನಮ್ಮ ಕಡೆ ಖಾಲಿ ಗದ್ದೆ ಅನ್ನುವುದೇ ಇಲ್ಲ. ಹುಲ್ಲಿಗೆ ಬಂದವರು, ಕುರಿ ಮೇಯಿಸುವವರು, ನೀರು ತಿರುಗಿಸಲು ಬಂದವರು ಯಾರಾದರೂ ಬದುವಿನ ಮರೆಯಲ್ಲಿ ಇದ್ದೇ ಇರುತ್ತಾರೆ. ಸುತ್ತ ಒಮ್ಮೆ ನಡೆದು ನೋಡಿ, ಇದ್ದರೆ ಹೇಳಿ ಬನ್ನಿ.

ಬ್ಯಾಟರಿಯ ಒಂದು ಮೂಲೆ ಜಜ್ಜಿತ್ತು. ಅದನ್ನು ಮತ್ತೆ ಚಾರ್ಜ್ ಮಾಡಲಿಲ್ಲ, ಮನೆಯ ಹೊರಗೆ ಮರಳಿನ ಬಕೆಟ್ಟಿನಲ್ಲಿಟ್ಟೆವು. ಬಲ ರೆಕ್ಕೆಯನ್ನು ಇನ್ನೂ ಅಂಟಿಸುತ್ತಿದ್ದೇವೆ. ಹೋದ ಭಾನುವಾರ ಹುಡುಗಿಯೇ ರಿಸೀವರನ್ನು ಮತ್ತೆ ಬೈಂಡ್ ಮಾಡಿದಳು, ಥ್ರಾಟಲ್ ಕಡ್ಡಿಯನ್ನು ಹೆಬ್ಬೆರಳಲ್ಲಿ ಕೆಳಕ್ಕೆ ಒತ್ತಿ ಹಿಡಿದುಕೊಂಡು. ಆಮೇಲೆ ಮೋಟಾರ್ ತಿರುಗಿಸಿ ರಿಮೋಟ್ ಆಫ್ ಮಾಡಿದಳು. ನಿಂತಿತು. ನಂಬಿಕೆ ಬರದೆ ಇನ್ನೂ ನಾಲ್ಕು ಸಲ ಮಾಡಿ ನೋಡಿದಳು. ನಾಲ್ಕೂ ಸಲ ನಿಂತಿತು.