ಮಂಕಿನ ಅಂಕಣಗಳಿಗೆ ಮಲೆನಾಡಿನ ಬೈಂಡಿಂಗ್

ಶಿವಮೊಗ್ಗದ ದುರ್ಗಿಗುಡಿಯ ಅಡ್ಡರಸ್ತೆಯೊಂದರಲ್ಲಿ, ಮಹಡಿಯ ಮೆಟ್ಟಿಲ ಕೆಳಗೆ ಇರುವ ಈ ಜೆರಾಕ್ಸ್ ಅಂಗಡಿಗೆ ಜನ ಬರುವುದು ಆಧಾರ್ ಪ್ರತಿಗೆ, ಇಲ್ಲವೇ ಕಾಲೇಜಿನ ಪ್ರಾಜೆಕ್ಟಿಗೆ. ನಾನು ಒಯ್ದದ್ದು ಹದಿನೆಂಟನೆಯ ಶತಮಾನದ ಸ್ಕಾಟಿಷ್ ಲೇಖಕ ಜೇಮ್ಸ್ ಬಾಸ್ವೆಲ್‌ನನ್ನು. 1777ರಿಂದ 1783ರವರೆಗೆ ‘ಲಂಡನ್ ಮ್ಯಾಗಜೀನ್’ ಮಾಸಪತ್ರಿಕೆಗೆ ಆತ ‘ಹೈಪೊಕಾಂಡ್ರಿಯಾಕ್’ (ಆ ಕಾಲದ ಅರ್ಥದಲ್ಲಿ, ಮನಸ್ಸಿಗೆ ಮಂಕು ಕವಿದವನು) ಎಂಬ ಗುಪ್ತನಾಮದಲ್ಲಿ 70 ಅಂಕಣ ಬರೆದ. ಅವುಗಳ ಸ್ಕ್ಯಾನ್ ಪ್ರತಿಯನ್ನು ಮುದ್ರಿಸಿ ಬೈಂಡ್ ಮಾಡಿಕೊಡಬೇಕಿತ್ತು. “ಮೇಡಂ, ಇದು ಯಾವ ಕಾಯಿಲೆಯ ಪುಸ್ತಕ?” ಎಂದರು ಮಾಲೀಕರು. ಕೇಳಿದ್ದರಲ್ಲಿ ತಪ್ಪೇನೂ ಇಲ್ಲ.

ಮೊದಲು ತೆಗೆದ ಹಾಳೆ ಕಪ್ಪು ಮೆತ್ತಿಕೊಂಡು ಬಂತು. ಆ ಕಾಲದ ಅಚ್ಚಿನಲ್ಲಿ ‘ಎಸ್’ ಅಕ್ಷರ ಉದ್ದವಾಗಿ ‘ಎಫ್’ನಂತೆಯೇ ಇರುತ್ತದೆ. ಎರಡನ್ನೂ ಬೇರ್ಪಡಿಸುವುದು ನಡುವಿನ ಸಣ್ಣ ಅಡ್ಡಗೆರೆ. ಅದೂ ಅಳಿಸಿಹೋದರೆ ದುಃಖ ತೋಡಿಕೊಳ್ಳುವವನು ತೊದಲುತ್ತಿರುವಂತೆ ಕಾಣುತ್ತದೆ. ಮಾಲೀಕರು ನಾನು ಹೇಳುವ ಮೊದಲೇ ಬೂದು ಛಾಯೆಗಳನ್ನೂ ಉಳಿಸಿಕೊಳ್ಳುವ ಗ್ರೇಸ್ಕೇಲ್‌ಗೆ ಬದಲಿಸಿ, ಒಂದು ಪುಟ ತೆಗೆದು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಉಳಿದದ್ದನ್ನು ಬಿಟ್ಟರು. ಅಕ್ಷರಗಳೆಲ್ಲ ಸ್ಪಷ್ಟ.

ಇಷ್ಟೆಲ್ಲ ಮಾಡಿಸಿ ಓದುವಂಥದ್ದು ಅದರಲ್ಲಿ ಏನಿದೆ? 1780ರ ಡಿಸೆಂಬರ್‌ನ 39ನೆಯ ಅಂಕಣ ನೋಡಿ. ತನಗೇ ಈಗ ಮಂಕು ಕವಿದಿದೆ, ಓದುಗರಿಗೆ ಬೋಧನೆಯನ್ನಾಗಲಿ ರಂಜನೆಯನ್ನಾಗಲಿ ಕೊಡುವ ಸ್ಥಿತಿಯಲ್ಲಿಲ್ಲ ಎಂದು ಮೊದಲೇ ಹೇಳಿಬಿಟ್ಟು, ಆ ಸ್ಥಿತಿಯಲ್ಲಿ ಮನಸ್ಸು ಹೇಗಿರುತ್ತದೆ ಎಂಬುದನ್ನೇ ಬರೆಯುತ್ತಾ ಹೋಗುತ್ತಾನೆ. ತಿಂಗಳ ಕಂತು ತಪ್ಪುವಂತಿಲ್ಲವಲ್ಲ! ಖಿನ್ನತೆಗೆ ಹತ್ತು ಸೂತ್ರ ಕೊಡುವ ಇಂದಿನ ಪುರವಣಿಗಳಿಗಿಂತ ನನಗೆ ಈ ಮನುಷ್ಯನೇ ಹತ್ತಿರ. ಅವನ ಗುರು ಸ್ಯಾಮ್ಯುಯೆಲ್ ಜಾನ್ಸನ್ ಬೇರೆ ಜಾಯಮಾನದವನು. 1758ರ ‘ಐಡ್ಲರ್’ ಅಂಕಣವೊಂದರಲ್ಲಿ, ಮೋಡ ಕವಿದರೆ ಮನಸ್ಸೂ ಕುಗ್ಗುತ್ತದೆ ಎನ್ನುವವರನ್ನು ಚೆನ್ನಾಗಿ ಗದರಿಸುತ್ತಾನೆ. ಹಾಗೆ ಗದರಿಸಿದವನೂ ಜೀವನವಿಡೀ ಅದೇ ಬಾಧೆಯಲ್ಲಿ ನರಳಿದವನೇ. ಆಗುಂಬೆಯಲ್ಲಿ ಒಂದು ಆಶ್ಲೇಷ ಮಳೆ ಕಳೆದಿದ್ದರೆ ದನಿ ಸ್ವಲ್ಪ ತಗ್ಗುತ್ತಿತ್ತೇನೋ. ಆ ಅಂಕಣವನ್ನೂ ಕೊನೆಗೆ ಸೇರಿಸಿಸಿದೆ.

ಬೈಂಡಿಂಗ್‌ನಲ್ಲಿ ಈ ಅಂಗಡಿಯವರಿಗೆ ನಮ್ಮ ಹವೆ ಗೊತ್ತು. ತೀರ್ಥಹಳ್ಳಿಯ ಕಡೆಗೆ ಹೋಗುವ ಪುಸ್ತಕ ಎಂದೊಡನೆ ತಂತಿಯ ಸುರುಳಿ ತುಕ್ಕು ಹಿಡಿಯುತ್ತದೆಂದು ಪ್ಲಾಸ್ಟಿಕ್ ಸುರುಳಿ ಹಾಕಿದರು. 75 ಜಿಎಸ್‌ಎಂ ಹಾಳೆ ಥಂಡಿಗೆ ಜೋಲುತ್ತದೆ ಎಂದು ಇನ್ನೂ ದಪ್ಪನೆಯ 100ರದ್ದನ್ನು ಸೂಚಿಸಿದರು. ದುಡ್ಡು ಹೆಚ್ಚಾಯಿತು, ಆದರೆ ಮಳೆಗಾಲ ಕಳೆದರೂ ಹಾಳೆ ನೆಟ್ಟಗಿದೆ. ಬೂಸ್ಟು ಹಿಡಿದದ್ದು ರಟ್ಟಿನ ಅಂಚಿಗೆ ಮಾತ್ರ.

ಕೊರತೆಯೂ ಇದೆ. ಅಂಚು ಕಡಿಮೆಯಿದ್ದ ಕೆಲವು ಪುಟಗಳಲ್ಲಿ ಸುರುಳಿಯ ತೂತು ಸಾಲಿನ ಮೊದಲ ಅಕ್ಷರಗಳನ್ನು ನುಂಗಿದೆ. ಹಳೆಯ ಸ್ಕ್ಯಾನ್ ಒಯ್ಯುವವರು ಪುಟವನ್ನು ತುಸು ಕುಗ್ಗಿಸಿ ಮುದ್ರಿಸಲು ಮೊದಲೇ ಹೇಳಬೇಕು. ಫೋನ್ ಮಾಡಿದರೆ ಎತ್ತುವುದಿಲ್ಲ, ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಹಾಕಿರುತ್ತದೆ. ಪೆನ್‌ಡ್ರೈವ್ ಹಿಡಿದು ಬೆಳಿಗ್ಗೆಯೇ ಹೋಗುವುದು ಒಳ್ಳೆಯದು.