ಸೈಕಲ್ಲಿನ ನಿಜವಾದ ತೂಕ: ಒಂದು ತೂಗುತಕ್ಕಡಿಯ ಪರೀಕ್ಷೆ

ಮೂರು ತಿಂಗಳಿಂದ ವಿಜಯಪುರದ ನಮ್ಮ ಮನೆಯ ಪಡಸಾಲೆಯ ತೊಲೆಗೆ ಅಂಗೈಯಗಲದ ಒಂದು ಡಿಜಿಟಲ್ ತೂಗುತಕ್ಕಡಿ ನೇತಾಡುತ್ತಿದೆ. ವಿಮಾನ ಪ್ರಯಾಣಕ್ಕೆ ಹೊರಡುವವರು ತಮ್ಮ ಸೂಟ್‌ಕೇಸ್ ತೂಗಿ ನೋಡಲೆಂದು ಮಾರುವ ಸಾಧನವಿದು. ನಾನು ಇದನ್ನು ಕೊಂಡದ್ದು ಮಗಳ ಸೈಕಲ್ ತೂಗುವುದಕ್ಕೆ. ಆನ್‌ಲೈನ್‌ನಲ್ಲಿ ಐನೂರು ರೂಪಾಯಿಯೊಳಗೆ ಬಂತು. 50 ಕಿಲೋವರೆಗೆ ತೂಗುತ್ತದೆ, 10 ಗ್ರಾಂಗಳ ಅಂತರದಲ್ಲಿ ಅಂಕಿ ತೋರಿಸುತ್ತದೆ, ಎರಡು ಸಣ್ಣ ಸೆಲ್‌ಗಳಲ್ಲಿ ನಡೆಯುತ್ತದೆ. ಇದೇ ಆಕಾರದ ತಕ್ಕಡಿಗಳು ಹತ್ತಾರು ಹೆಸರುಗಳಲ್ಲಿ ಸಿಗುವುದರಿಂದ ನಾನು ಇಲ್ಲಿ ಹೇಳುವ ಮಾತು ಒಂದು ಕಂಪನಿಗಿಂತ ಈ ಬಗೆಯ ತಕ್ಕಡಿಗೆ ಅನ್ವಯಿಸುತ್ತದೆ ಎಂದು ತಿಳಿದುಕೊಳ್ಳಬೇಕು.

ಇದನ್ನು ತರಿಸಬೇಕಾಗಿ ಬಂದ ಕಾರಣವನ್ನು ಮೊದಲು ಹೇಳುತ್ತೇನೆ. ನಮ್ಮ ಕಡೆ ಸೈಕಲ್ ತುಳಿಯುವುದೆಂದರೆ ಹವ್ಯಾಸಕ್ಕಿಂತ ದೊಡ್ಡ ಸಂಗತಿ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ರೈತ ಮನೆತನಗಳಿಂದ ಬಂದ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ರಸ್ತೆ ಸ್ಪರ್ಧೆಗಳಲ್ಲಿ ಪದಕ ಗೆದ್ದು ಬಂದಿದ್ದಾರೆ. ಸರ್ಕಾರದ ಸೈಕ್ಲಿಂಗ್ ಹಾಸ್ಟೆಲ್ ನಮ್ಮ ಊರಿನಲ್ಲೇ ಇದೆ. ಒಂಬತ್ತನೆಯ ತರಗತಿಯಲ್ಲಿ ಓದುವ ನನ್ನ ಮಗಳಿಗೂ ಆ ದಾರಿಯಲ್ಲಿ ಹೋಗುವ ಆಸೆಯಿದೆ. ಅವಳಿಗಾಗಿ ಗೇರ್ ಇರುವ ಅಲ್ಯೂಮಿನಿಯಂ ಸೈಕಲ್ ಕೊಳ್ಳುವಾಗ ಅಂಗಡಿಯವರು ಅದರ ತೂಕ ಹನ್ನೊಂದು ಕಿಲೋ ಎಂದು ಹೇಳಿದ್ದರು. ಬಿಲ್ಲಿನಲ್ಲಿ ತೂಕದ ಉಲ್ಲೇಖವಿರಲಿಲ್ಲ, ಅಂಗಡಿಯಲ್ಲಿ ತೂಗುವ ಸಾಧನವೂ ಇರಲಿಲ್ಲ. ಮನೆಗೆ ತಂದು ಮೆಟ್ಟಿಲ ಮೇಲೆ ಎತ್ತಿ ಇಡುವಾಗ ನನ್ನ ತೋಳಿಗೆ ಅನುಮಾನ ಬಂತು. ಇಪ್ಪತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿರುವ ನಾನು ತೋಳಿನ ಸಾಕ್ಷಿಯನ್ನು ನಂಬಿ ಕೂರುವಂತಿರಲಿಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ನೆಲದ ಮೇಲಿಟ್ಟು ನಿಲ್ಲುವ ಮನೆಯ ತೂಕದ ಯಂತ್ರದ ಮೇಲೆ ಒಬ್ಬನೇ ನಿಂತೆ, ಆಮೇಲೆ ಸೈಕಲ್ ಎತ್ತಿಕೊಂಡು ನಿಂತೆ, ಎರಡರ ವ್ಯತ್ಯಾಸ ತೆಗೆದೆ. ಐದು ಸಲ ಮಾಡಿದಾಗ 13.1ರಿಂದ 13.7 ಕಿಲೋವರೆಗೆ ಐದು ಉತ್ತರಗಳು ಬಂದವು. ಈ ವಿಧಾನದಲ್ಲಿ ದೊಡ್ಡದೊಂದು ಸಂಖ್ಯೆಯಿಂದ ಇನ್ನೊಂದು ದೊಡ್ಡ ಸಂಖ್ಯೆಯನ್ನು ಕಳೆಯುತ್ತೇವೆ, ಎರಡರಲ್ಲೂ ಇರುವ ತಪ್ಪುಗಳೆಲ್ಲ ಉಳಿಯುವ ಸಣ್ಣ ಸಂಖ್ಯೆಯ ತಲೆಯ ಮೇಲೆ ಬಂದು ಕೂರುತ್ತವೆ. ಅದರ ಜೊತೆಗೆ ಸೈಕಲ್ ಹಿಡಿದು ನಿಂತವನ ಪಾದ ತುಸು ಅಲುಗಾಡಿದರೂ ಅಂಕಿ ಬದಲಾಗುತ್ತದೆ. ಅಂಗಡಿಯವರ ಮಾತು ನಿಜವಲ್ಲ ಎಂದು ಹೇಳುವಷ್ಟು ಇದು ಸಾಕಾಗಿತ್ತು, ಆದರೆ ನಿಜ ಏನೆಂದು ಹೇಳುವಷ್ಟು ಸಾಕಾಗಲಿಲ್ಲ.

ತೂಗುತಕ್ಕಡಿ ಬಂದ ದಿನ ನಾನು ಸೈಕಲ್ ತೂಗಲಿಲ್ಲ. ತಕ್ಕಡಿಯನ್ನೇ ತೂಗಿ ನೋಡುವುದು ಮೊದಲ ಕೆಲಸ. ಎಪಿಎಂಸಿ ಪ್ರಾಂಗಣದಲ್ಲಿ ಪರಿಚಯದವರೊಬ್ಬರ ಅಡತಿ ಅಂಗಡಿಯಿದೆ. ಅಲ್ಲಿ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರುವ ಐದು ಕಿಲೋದ ಕಬ್ಬಿಣದ ತೂಕದ ಕಲ್ಲುಗಳು ನಾಲ್ಕು ಸಿಕ್ಕವು. ಗಟ್ಟಿಯಾದ ಗೋಣಿಚೀಲವನ್ನು ಕೊಂಡಿಗೆ ಹಾಕಿ, ಅಂಕಿಯನ್ನು ಸೊನ್ನೆಗೆ ತಂದು, ಒಂದೊಂದೇ ಕಲ್ಲು ಇಳಿಸಿದೆ. ಐದು ಕಿಲೋಗೆ 5.00 ಎಂದಿತು, ಹತ್ತಕ್ಕೆ 9.99, ಹದಿನೈದಕ್ಕೆ 14.98, ಇಪ್ಪತ್ತಕ್ಕೆ 19.97. ಕಲ್ಲುಗಳನ್ನು ತೆಗೆಯುತ್ತ ಬಂದಾಗಲೂ ಹೆಚ್ಚುಕಡಿಮೆ ಇವೇ ಅಂಕಿಗಳು ಬಂದವು. ಇಷ್ಟು ಅಗ್ಗದ ಸಾಧನದಿಂದ ಇಷ್ಟು ಒಳ್ಳೆಯ ಫಲವನ್ನು ನಾನು ನಿರೀಕ್ಷಿಸಿರಲಿಲ್ಲ.

ಭಾರ ಹೆಚ್ಚಿದಂತೆ ಕೊರತೆಯೂ ಒಂದೇ ಕ್ರಮದಲ್ಲಿ ಬೆಳೆಯುವುದನ್ನು ಗಮನಿಸಬೇಕು, ಏಕೆಂದರೆ ಇದರಲ್ಲಿ ಈ ತಕ್ಕಡಿಯ ಸ್ವಭಾವವೇ ಅಡಗಿದೆ. ಕೊಂಡಿಗೆ ಭಾರ ಬಿದ್ದಾಗ ಒಳಗಿನ ಲೋಹದ ತುಂಡು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದಕ್ಕೆ ಅಂಟಿಸಿದ ಸ್ಟ್ರೇನ್ ಗೇಜ್ ಎಂಬ ತೆಳು ಪಟ್ಟಿಯೂ ಜೊತೆಯಲ್ಲೇ ಹಿಗ್ಗುವುದರಿಂದ ಅದರ ವಿದ್ಯುತ್ ರೋಧ ತುಸು ಬದಲಾಗುತ್ತದೆ. ಪಿಯುಸಿಯಲ್ಲಿ ಓದಿದ ವೀಟ್‌ಸ್ಟನ್ ಸೇತುವೆ ಎಂಬ, ರೋಧದ ಸಣ್ಣ ವ್ಯತ್ಯಾಸವನ್ನೂ ಹಿಡಿಯುವ ವಿದ್ಯುತ್ ಜೋಡಣೆಯ ಮೂಲಕ ಆ ಬದಲಾವಣೆಯನ್ನು ಅಳೆದು ತೂಕದ ಅಂಕಿಯಾಗಿ ತೋರಿಸಲಾಗುತ್ತದೆ. ಹೀಗಾಗಿ ಇದು ಅಳೆಯುವುದು ಭೂಮಿಯ ಸೆಳೆತದ ಬಲವನ್ನು. ಎರಡು ತಟ್ಟೆಗಳ ಹಳೆಯ ತಕ್ಕಡಿಯಲ್ಲಿ ಕಲ್ಲನ್ನೂ ಸರಕನ್ನೂ ಭೂಮಿ ಒಂದೇ ಪ್ರಮಾಣದಲ್ಲಿ ಸೆಳೆಯುವುದರಿಂದ ಆ ತಕ್ಕಡಿ ಎಲ್ಲಿ ತೂಗಿದರೂ ಒಂದೇ ಉತ್ತರ ಕೊಡುತ್ತದೆ. ಸೆಳೆತವನ್ನೇ ಅಳೆಯುವ ಸಾಧನ ಹಾಗಲ್ಲ. ಗುರುತ್ವದ ಮಾನಕ ಮೌಲ್ಯ 9.80665 ಮೀ/ಸೆ² ಆಗಿದ್ದರೆ, ಸಮಭಾಜಕಕ್ಕೆ ಹತ್ತಿರವೂ ಪ್ರಸ್ಥಭೂಮಿಯ ಎತ್ತರದಲ್ಲೂ ಇರುವ ವಿಜಯಪುರದಲ್ಲಿ ಅದು ಸುಮಾರು 9.78. ಮಾನಕ ಮೌಲ್ಯಕ್ಕೆ ಹೊಂದಿಸಿದ ತಕ್ಕಡಿ ನಮ್ಮೂರಿನಲ್ಲಿ ಇಪ್ಪತ್ತು ಕಿಲೋಗೆ ನಲವತ್ತರಿಂದ ಐವತ್ತು ಗ್ರಾಂ ಕಡಿಮೆ ತೋರಿಸಬೇಕು. ನನ್ನದು ಮೂವತ್ತು ಗ್ರಾಂ ಕಡಿಮೆ ತೋರಿಸಿತು. ಕೊರತೆಗೆ ಇದೊಂದೇ ಕಾರಣವೆಂದು ನಾನು ಹೇಳುವುದಿಲ್ಲ, ಕಾರ್ಖಾನೆಯ ಹೊಂದಾಣಿಕೆಯಲ್ಲೂ ಅಷ್ಟು ವ್ಯತ್ಯಾಸ ಇರಬಹುದು. ಕೊರತೆಯ ಪ್ರಮಾಣ ತಿಳಿದಿರುವುದರಿಂದ ಅದನ್ನು ಸೇರಿಸಿಕೊಂಡರೆ ಆಯಿತು.

ಸೈಕಲ್ ತೂಗುವ ಕ್ರಮದಲ್ಲಿ ತಾಳ್ಮೆ ಬೇಕು. ತಕ್ಕಡಿಯನ್ನು ಕೈಯಲ್ಲಿ ಹಿಡಿದು ಎತ್ತಬೇಕೆಂದು ಪೆಟ್ಟಿಗೆಯ ಮೇಲಿನ ಚಿತ್ರ ತೋರಿಸುತ್ತದೆ, ಆದರೆ ಸೈಕಲ್ಲಿನ ವಿಷಯದಲ್ಲಿ ಅದನ್ನು ಮಾಡಬಾರದು. ಕೈ ನಡುಗಿದಾಗ ಅಂಕಿ ನೂರು ನೂರೈವತ್ತು ಗ್ರಾಂ ಮೇಲೆ ಕೆಳಗೆ ಕುಣಿಯುತ್ತದೆ. ತೊಲೆಗೆ ಹಗ್ಗ ಕಟ್ಟಿ, ಹಗ್ಗಕ್ಕೆ ತಕ್ಕಡಿ, ತಕ್ಕಡಿಯ ಕೊಂಡಿಗೆ ಸೀಟಿನ ತುದಿ ಎಂಬಂತೆ ತೂಗುಹಾಕಬೇಕು. ಮುಂದಿನ ಚಕ್ರ ಕೆಳಗೆ ಬಾಗಿ ನೇತಾಡುವುದರಿಂದ ಅದು ನೆಲಕ್ಕೂ ಗೋಡೆಗೂ ತಾಗದಂತೆ ನೋಡಿಕೊಳ್ಳಬೇಕು. ಜೋಲಿ ನಿಲ್ಲುವವರೆಗೆ ಕಾಯಬೇಕು. ಇಳಿಸಿ, ಸೊನ್ನೆ ಮಾಡಿ, ಮತ್ತೆ ಎರಡು ಸಲ ತೂಗಬೇಕು. ಹೀಗೆ ಮೂರು ಸಲ ತೂಗಿದಾಗ 13.42, 13.42, 13.41 ಎಂದು ಬಂತು. ಮರುದಿನ ಅಡತಿ ಅಂಗಡಿಯ ನೆಲದ ಕಾಟಾದ ಮೇಲೂ ಸೈಕಲ್ ನಿಲ್ಲಿಸಿ ನೋಡಿದೆ. ಚೀಲಗಟ್ಟಲೆ ಜೋಳ, ಒಣದ್ರಾಕ್ಷಿ ತೂಗುವ ಆ ಯಂತ್ರ ನೂರು ಗ್ರಾಂಗಿಂತ ಸೂಕ್ಷ್ಮವಾಗಿ ತೋರಿಸುವುದಿಲ್ಲ, ಅದು 13.4 ಎಂದಿತು. ಎರಡು ಸಾಕ್ಷಿಗಳು ಒಂದೇ ಮಾತು ಹೇಳಿದ ಮೇಲೆ ನನಗೆ ಸಮಾಧಾನವಾಯಿತು.

ಹನ್ನೊಂದು ಕಿಲೋ ಎಂದಿದ್ದ ಸೈಕಲ್ ಹದಿಮೂರೂವರೆಯ ಹತ್ತಿರ ಬಂದದ್ದು ಏಕೆ? ಈ ತಕ್ಕಡಿಯ ನಿಜವಾದ ಉಪಯೋಗ ನನಗೆ ಕಂಡದ್ದು ಈ ಪ್ರಶ್ನೆಗೆ ಉತ್ತರ ಹುಡುಕುವಾಗ. ನಾವೇ ಕೂಡಿಸಿದ್ದ ಸಾಮಾನುಗಳನ್ನು ಒಂದೊಂದಾಗಿ ಬಿಚ್ಚಿ, ಪ್ರತಿ ಸಲವೂ ಸೈಕಲ್ ತೂಗಿದೆ. ಸ್ಟ್ಯಾಂಡ್ 410 ಗ್ರಾಂ, ಸರಪಳಿ ಬೀಗ 620 ಗ್ರಾಂ, ಖಾಲಿ ನೀರಿನ ಬಾಟಲಿಯೂ ಅದರ ಹಿಡಿಕೆಯೂ ಸೇರಿ 160, ಗಂಟೆ ಮತ್ತು ದೀಪ 170. ಎಲ್ಲವನ್ನೂ ಒಂದು ಕೈಚೀಲಕ್ಕೆ ಹಾಕಿ ಒಟ್ಟಿಗೆ ತೂಗಿದಾಗ 1.35 ಕಿಲೋ ಬಂತು, ಬಿಡಿ ಬಿಡಿಯಾಗಿ ಕೂಡಿಸಿದ ಮೊತ್ತಕ್ಕಿಂತ ಹತ್ತೇ ಗ್ರಾಂ ಕಡಿಮೆ. ಪೆಡಲ್ ಜೋಡಿ 380 ಗ್ರಾಂ ಆಯಿತು. ಅನೇಕ ಕಂಪನಿಗಳು ಪೆಡಲ್ ಬಿಟ್ಟು, ಅತಿ ಸಣ್ಣ ಅಳತೆಯ ಫ್ರೇಮಿನ ತೂಕವನ್ನು ಪ್ರಕಟಿಸುತ್ತವೆ ಎಂಬುದು ಕೊಳ್ಳುವವರಿಗೆ ಗೊತ್ತಿರಬೇಕು. ಇಷ್ಟು ತೆಗೆದ ಮೇಲೆ ಉಳಿದದ್ದು 11.68.

ಉಳಿದ 680 ಗ್ರಾಂನ ಅರ್ಧಕ್ಕಿಂತ ಹೆಚ್ಚಿನ ಲೆಕ್ಕ ಟ್ಯೂಬುಗಳಲ್ಲಿ ಸಿಕ್ಕಿತು. ನಮ್ಮ ರಸ್ತೆಗಳ ಅಂಚಿನಲ್ಲಿ ಬಳ್ಳಾರಿ ಜಾಲಿಯ ಮುಳ್ಳು ಹರಡಿಕೊಂಡಿರುವುದರಿಂದ ದಪ್ಪ ಟ್ಯೂಬ್ ಹಾಕಿಸಿದ್ದೆವು. ಈ ಕೆಲಸಕ್ಕೆ ತೂಗುತಕ್ಕಡಿ ತಕ್ಕುದಲ್ಲ. 50 ಕಿಲೋ ಸಾಮರ್ಥ್ಯದ ಸಾಧನದಲ್ಲಿ ನೂರು ಗ್ರಾಂನ ವಸ್ತುವನ್ನು ತೂಗಿದರೆ ಹತ್ತು ಗ್ರಾಂನ ಅಂತರವೇ ಹತ್ತರಲ್ಲಿ ಒಂದು ಪಾಲಾಗುತ್ತದೆ. ಕಿರಾಣಿ ಅಂಗಡಿಯ ಮೇಜಿನ ಯಂತ್ರದ ಮೇಲೆ ಇಟ್ಟು ನೋಡಿದಾಗ ಸಾಧಾರಣ ಟ್ಯೂಬ್ 110 ಗ್ರಾಂ, ದಪ್ಪನೆಯದು 290 ಗ್ರಾಂ ಇತ್ತು. ಎರಡು ಚಕ್ರಕ್ಕೆ 360 ಗ್ರಾಂ ಹೆಚ್ಚಾಯಿತು. ಕೊನೆಗೆ ಉಳಿಯುವ ಮುನ್ನೂರಿಪ್ಪತ್ತು ಗ್ರಾಂ ಮಾತ್ರ ಅಂಗಡಿಯವರ ಮಾತಿಗೂ ಸೈಕಲ್ಲಿಗೂ ನಡುವಿನ ನಿಜವಾದ ಅಂತರ. ಅವರ ಮೇಲೆ ನನಗಿದ್ದ ಬೇಸರ ಇದರಿಂದ ಬಹಳ ಕಡಿಮೆಯಾಯಿತು. ಆದರೂ ಮಗುವಿನ ತರಬೇತಿಗೆಂದು ಸಾಲ ಮಾಡಿ ಸೈಕಲ್ ಕೊಳ್ಳುವ ತಂದೆ ತಾಯಿಗೆ ತೂಗಿ ತೋರಿಸಿ ಮಾರುವುದೇ ನ್ಯಾಯ.

ತಕ್ಕಡಿಯ ದೋಷಗಳನ್ನೂ ಹೇಳಬೇಕು. ಅಂಕಿ ಸ್ಥಿರವಾದೊಡನೆ ಅದನ್ನು ಹಿಡಿದಿಡುವ ಸೌಲಭ್ಯವೊಂದಿದೆ. ಸೈಕಲ್ ಇನ್ನೂ ಜೋಲಿ ಹೊಡೆಯುತ್ತಿರುವಾಗಲೇ ಅದು ಅವಸರಪಟ್ಟು ಅಂಕಿಯನ್ನು ಹಿಡಿದುಬಿಡುವುದರಿಂದ ನಾನು ಅದನ್ನು ನಂಬುವುದಿಲ್ಲ. ಏಕಮಾನ ಬದಲಿಸುವ ಗುಂಡಿ ಚಾಲೂ ಮಾಡುವ ಗುಂಡಿಯ ಪಕ್ಕದಲ್ಲೇ ಇದೆ. ಕಿಲೋ, ಪೌಂಡ್‌ಗಳ ಜೊತೆಗೆ ಅದರಲ್ಲಿ ಚೀನಾದ ಜಿನ್ ಎಂಬ ಅಳತೆಯೂ ಇದ್ದು, ಒಂದು ಜಿನ್ ಎಂದರೆ ಅರ್ಧ ಕಿಲೋ. ಒಮ್ಮೆ ಮಗಳ ಬೆರಳು ಅರಿಯದೆ ತಾಗಿ ಅವಳ ಸೈಕಲ್ 26.84 ಎಂದು ತೋರಿಸಿದಾಗ ಮನೆಯವರೆಲ್ಲ ಗಾಬರಿಯಾದೆವು. ಕೊಂಡಿಯ ಬಾಯಿ ಕಿರಿದು. ನಮ್ಮ ತಂದೆಯವರ ಇಪ್ಪತ್ತೆಂಟು ಇಂಚಿನ ಹಳೆಯ ಸೈಕಲ್ಲಿನ ಸೀಟಿನ ಸ್ಪ್ರಿಂಗಿಗೆ ಅದು ಹೋಗಲಿಲ್ಲ, ನವಾರದ ಪಟ್ಟಿ ಕಟ್ಟಿ ತೂಗಬೇಕಾಯಿತು. ಕ್ಯಾರಿಯರ್, ಚೈನ್ ಕವರ್, ಜೋಡಿ ಕಾಲಿನ ಸ್ಟ್ಯಾಂಡ್ ಸಮೇತ ಅದು 21.66 ಕಿಲೋ ಇದೆ. ಅದರ ಹಿಂದೆ ಜೋಳದ ಚೀಲ ಹೇರಿಕೊಂಡು ಅವರು ತಿಕೋಟಾದಿಂದ ಬರುತ್ತಿದ್ದುದನ್ನು ನೆನೆದು ನಾನು ಆ ಅಂಕಿಯನ್ನು ಬಹಳ ಹೊತ್ತು ನೋಡಿದೆ. ಇನ್ನೊಂದು ಮಾತು: ಇಂಥ ತಕ್ಕಡಿಗೆ ಇಲಾಖೆಯ ಮುದ್ರೆ ಇಲ್ಲದ ಕಾರಣ ಇದನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ.

ತೂಕ ತಿಳಿದು ಏನು ಪ್ರಯೋಜನ ಎಂದು ಕೇಳುವವರಿಗೆ ಕೊರ್ತಿ–ಕೊಲ್ಹಾರ ಸೇತುವೆಯ ಉದಾಹರಣೆ ಕೊಡುತ್ತೇನೆ. ಅಲ್ಲಿ ಕೃಷ್ಣೆಯ ಹಿನ್ನೀರಿನಿಂದ ವಿಜಯಪುರಕ್ಕೆ ಬರುವಾಗ ಒಟ್ಟಾರೆ ಸುಮಾರು 70 ಮೀಟರ್ ಮೇಲೇರಬೇಕು. ನನ್ನ ಮಗಳೂ ಸೈಕಲ್ಲೂ ಸೇರಿ 58 ಕಿಲೋ ಎಂದುಕೊಂಡರೆ, ಒಂದು ಕಿಲೋ ಇಳಿಸಿದಾಗ ಆ ಏರಿಗೆ ಬೇಕಾದ ಶ್ರಮ ಶೇಕಡಾ 1.7ರಷ್ಟು ತಗ್ಗುತ್ತದೆ. ಸಮತಟ್ಟಾದ ದಾರಿಯಲ್ಲಿ ಇಷ್ಟೂ ಲಾಭವಿಲ್ಲ. ಆಷಾಢದ ಎದುರುಗಾಳಿಯಲ್ಲಿ ತುಳಿಯುವವರಿಗೆ ಮೈ ಬಗ್ಗಿಸಿ ಕೂರುವುದು ಕಿಲೋಗಟ್ಟಲೆ ಇಳಿಸುವುದಕ್ಕಿಂತ ಹೆಚ್ಚು ನೆರವಾಗುತ್ತದೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಸ್ಪರ್ಧೆಯ ಸೈಕಲ್ 6.8 ಕಿಲೋಗಿಂತ ಹಗುರವಾಗಿರಬಾರದೆಂದು 2000ದಿಂದ ನಿಯಮ ಮಾಡಿದೆ. ನಮ್ಮ ಮಕ್ಕಳ ಸೈಕಲ್‌ಗಳು ಆ ಗಡಿಯಿಂದ ಬಹಳ ದೂರದಲ್ಲಿವೆ. ಇಪ್ಪತ್ತು ಮೂವತ್ತು ಸಾವಿರ ಕೊಟ್ಟು ಹಗುರ ಚಕ್ರ ಕೊಳ್ಳುವ ಮುಂಚೆ ಬೀಗವನ್ನೂ ಸ್ಟ್ಯಾಂಡನ್ನೂ ತೂಗಿ ನೋಡಲು ಐನೂರು ರೂಪಾಯಿ ಸಾಕು.

ಅಂಕಿಗಳನ್ನೆಲ್ಲ ಮಗಳ ಮುಂದಿಟ್ಟು ತೀರ್ಮಾನವನ್ನು ಅವಳಿಗೇ ಬಿಟ್ಟೆ. ತರಬೇತಿಯ ದಿನಗಳಲ್ಲಿ ಸ್ಟ್ಯಾಂಡೂ ಬೀಗವೂ ಬೇಡ, ದಪ್ಪ ಟ್ಯೂಬ್ ಮಾತ್ರ ಇರಲಿ, ಮುಳ್ಳು ಚುಚ್ಚಿ ದಾರಿಯಲ್ಲಿ ನಿಲ್ಲುವುದಕ್ಕಿಂತ 360 ಗ್ರಾಂ ಹೊರುವುದೇ ಲೇಸು ಎಂದಳು. ಬಿಚ್ಚಿ ಮತ್ತೆ ತೂಗಿದೆವು. ತಕ್ಕಡಿಯ ಪಕ್ಕದ ಗೋಡೆಯ ಮೇಲೆ ಅವಳೇ ಸುಣ್ಣದ ಕಡ್ಡಿಯಿಂದ ದಿನಾಂಕ ಹಾಕಿ 12.39 ಎಂದು ಬರೆದಿದ್ದಾಳೆ, ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ ಕೊರತೆಯ ಇಪ್ಪತ್ತು ಗ್ರಾಂ ಕೂಡಿಸಿ 12.41 ಎಂದೂ ಬರೆದಿದ್ದಾಳೆ.