ಗೋಡೆಯಿಂದ ಮಂಚಕ್ಕೆ ಇಳಿದ ಕಂಬಳಿ

ಚಳ್ಳಕೆರೆಯಲ್ಲಿ ಕೊಂಡ ಕೈಮಗ್ಗದ ಕರಿ ಕಂಬಳಿಯೊಂದನ್ನು ಎರಡು ಚಳಿಗಾಲ, ಒಂದು ಮಳೆಗಾಲ ಬಳಸಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಉದ್ದ ಆರು ಮೊಳ, ಅಗಲ ಮೂರು ಮೊಳ, ತೂಕ ಎರಡೂಮುಕ್ಕಾಲು ಕಿಲೋ, ಕೊಟ್ಟ ಹಣ 2,400 ರೂಪಾಯಿ. ಇದಕ್ಕೆ ಬಣ್ಣ ಹಾಕಿಲ್ಲ, ಕುರಿಯ ಮೈಬಣ್ಣವೇ ಇದರ ಬಣ್ಣ. ಎರಡೂ ತುದಿಗಳಲ್ಲಿ ಬೆರಳಗಲದ ಬಿಳಿಯ ಪಟ್ಟೆ ಇದೆ, ಉಳಿದದ್ದೆಲ್ಲ ಕಪ್ಪು. ಹಾಗೆಂದು ಮನೆಯೊಳಗಿನ ದೀಪದ ಬೆಳಕಿನಲ್ಲಿ ನೋಡಿ ಹೇಳಬಹುದೇ ಹೊರತು, ಅಂಗಳದ ಬಿಸಿಲಿಗೆ ಹರವಿದರೆ ಆ ಕಪ್ಪಿನೊಳಗೆ ಕಂದು, ಬೂದಿ, ಅಲ್ಲಲ್ಲಿ ಕಬ್ಬಿಣದ ತುಕ್ಕಿನ ಬಣ್ಣದ ಎಳೆಗಳು ಕಾಣಿಸಿಕೊಳ್ಳುತ್ತವೆ.

ಕೊಳ್ಳಲು ಕಾರಣವಾದದ್ದು ಚಳಿಯಲ್ಲ, ಒಂದು ಮಾತುಕತೆ. ದಾವಣಗೆರೆಯ ನಮ್ಮ ಮನೆಯಲ್ಲಿ ತಿಂಗಳಿಗೊಮ್ಮೆ ಐದಾರು ಜನ ಸ್ನೇಹಿತರು ಸೇರುತ್ತೇವೆ. ನೋಡಿದ ನಾಟಕ, ಚಿತ್ರಪ್ರದರ್ಶನ, ಯಾರೋ ಹೊಸದಾಗಿ ಕಟ್ಟಿಸಿದ ಮನೆಯ ಅಂದಚಂದ, ಹೀಗೆ ಮಾತು ಎಲ್ಲಿಂದ ಎಲ್ಲಿಗೋ ಹರಿಯುತ್ತದೆ, ಮಂಡಕ್ಕಿ ಮೆಣಸಿನಕಾಯಿ ಮುಗಿಯುವವರೆಗೆ ನಿಲ್ಲುವುದಿಲ್ಲ. ಆ ದಿನ ವಾಸ್ತುಶಿಲ್ಪ ಓದುತ್ತಿರುವ ನನ್ನ ಅಣ್ಣನ ಮಗಳೂ ಇದ್ದಳು. ಮನೆಯೊಳಗಿನ ಪ್ರತಿಯೊಂದು ವಸ್ತುವೂ ತಾನು ಇಲ್ಲಿ ಏಕಿದ್ದೇನೆ ಎಂದು ಕೇಳಿದರೆ ಉತ್ತರ ಹೇಳುವಂತಿರಬೇಕು ಎಂದು ಅವಳು ವಾದಿಸಿದಳು. ಸುತ್ತ ನೋಡಿದೆ. ಸನ್ಮಾನದಲ್ಲಿ ಬಂದ ಫಲಕಗಳು, ಯಾವುದೋ ಮದುವೆಯಲ್ಲಿ ಕೊಟ್ಟ ಗಾಜಿನ ಬಾತುಕೋಳಿ, ಮೂರು ಗಡಿಯಾರ. ಉತ್ತರ ಹೇಳುವ ಸ್ಥಿತಿಯಲ್ಲಿ ಯಾವುದೂ ಇರಲಿಲ್ಲ. "ಅತ್ತೆ, ಇವನ್ನೆಲ್ಲ ತೆಗೆದು ಈ ಗೋಡೆಗೆ ಒಂದೇ ಒಂದು ಕರಿ ಕಂಬಳಿ ಹಾಕಿ ನೋಡಿ, ಹೇಗೆ ಕಾಣುತ್ತೆ ಅಂತ," ಎಂದಳು. ಮೂಲೆಯಲ್ಲಿ ಕುಳಿತಿದ್ದ ನನ್ನ ತಂದೆ ಆಗ ಏನೂ ಹೇಳಲಿಲ್ಲ.

ಮೊದಲ ಪ್ರಯತ್ನದಲ್ಲಿ ಮೋಸಹೋದೆ. ಕರಕುಶಲ ವಸ್ತುಗಳದೆಂದು ಹೇಳಿಕೊಂಡ ಒಂದು ಮಾರಾಟ ಮೇಳದಲ್ಲಿ, ಕೈಮಗ್ಗದ್ದೇ ಎಂಬ ಭರವಸೆಯ ಮೇಲೆ ಮೆತ್ತನೆಯ, ಅಚ್ಚಗಪ್ಪಿನ ಕಂಬಳಿಯೊಂದನ್ನು ತಂದೆ. ತಂದೆಯವರು ಅದರ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒಮ್ಮೆ ಹೊಸೆದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದಲ್ಲಿ ಹತ್ತಿಯ ಗಿರಣಿಯಲ್ಲಿ ದುಡಿದವರು ಅವರು. ಗಿರಣಿಯ ಸೈರನ್ ನಿಂತು ಎಷ್ಟೋ ವರ್ಷಗಳಾದರೂ ಬೆರಳಿನ ಲೆಕ್ಕ ಇನ್ನೂ ತಪ್ಪಿಲ್ಲ. ಒಂದೆಳೆ ಕಿತ್ತು ಕಡ್ಡಿ ಗೀರಿದರು. ಉಣ್ಣೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬಂದು, ಉಜ್ಜಿದರೆ ಪುಡಿಯಾಗುವ ಬೂದಿ ಉಳಿಯಬೇಕಿತ್ತು. ಇದು ಕರಗಿ, ತುದಿಯಲ್ಲಿ ರಾಗಿಕಾಳಿನಷ್ಟು ಗಟ್ಟಿಯಾದ ಕರಿಯ ಗುಂಡಾಗಿ ನಿಂತಿತು, ಅಂದರೆ ಅಕ್ರಿಲಿಕ್ ಎಂಬ ಕೃತಕ ನೂಲು. ಆ ಮೇಳ ಅಷ್ಟರಲ್ಲಿ ಬೇರೆ ಊರಿಗೆ ಹೋಗಿತ್ತು. ಕಂಬಳಿ ಈಗ ಸ್ಕೂಟರಿನ ಮೇಲೆ ಹೊದಿಸಲು ಉಪಯೋಗವಾಗುತ್ತಿದೆ. ಅಭಿರುಚಿಯ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಾನು ಕಣ್ಣನ್ನು ನಂಬಿ ಕೊಂಡಿದ್ದೆ. ರುಚಿಯೆಂಬುದು ಆ ಮಾತಿನೊಳಗೇ ಇದ್ದರೂ ಮುಟ್ಟಿ, ಮೂಸಿ ನೋಡುವ ಬುದ್ಧಿ ನನಗೆ ಬಂದಿರಲಿಲ್ಲ.

ಹೀಗಾಗಿ ಎರಡನೆಯ ಬಾರಿ ಕಡ್ಡಿಪೆಟ್ಟಿಗೆ ಸಮೇತ ಚಳ್ಳಕೆರೆಗೇ ಹೋದೆ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೆಚ್ಚುಕಡಿಮೆ ಅರುವತ್ತು ಕಿಲೋಮೀಟರ್, ಅಲ್ಲಿಂದ ಚಳ್ಳಕೆರೆಗೆ ಮತ್ತೆ ಮೂವತ್ತು. ಶೇಂಗಾ ಎಣ್ಣೆಯ ಗಿರಣಿಗಳಿಂದ ಹೆಸರಾದ ಊರು ಇದು. ಕಂಬಳಿಯ ವ್ಯಾಪಾರವೂ ಅಷ್ಟೇ ಹಳೆಯದು, ಆದರೆ ಹೊರಗಿನವರ ಕಣ್ಣಿಗೆ ಬೇಗ ಬೀಳುವುದಿಲ್ಲ. ನಾನು ಹೋದ ಅಂಗಡಿಗೆ ಗಾಜಿನ ಬಾಗಿಲಿಲ್ಲ, ಬೊಂಬೆಯ ಮೇಲೆ ಹೊದಿಸಿದ ಮಾದರಿಯಿಲ್ಲ. ಒಳಗೆ ಕಾಲಿಟ್ಟ ಕೂಡಲೇ ಕುರಿಹಟ್ಟಿಯ ವಾಸನೆ, ಅದರ ಹಿಂದೆಯೇ ಹುಳಿಮಿಶ್ರಿತವಾದ ಇನ್ನೊಂದು ವಾಸನೆ. ಅದು ಹುಣಸೆ ಬೀಜದ ಗಂಜಿಯದೆಂದು ಆಮೇಲೆ ತಿಳಿಯಿತು. ಗೋಡೆಯುದ್ದಕ್ಕೂ ಮಡಿಸಿಟ್ಟ ಕಂಬಳಿಗಳ ಅಟ್ಟಿಗಳಿದ್ದವು. ಅಂಗಡಿಯ ಯಜಮಾನರು ಒಂದೊಂದನ್ನೇ ಎಳೆದು ನೆಲದ ಮೇಲೆ ಹಾಸಿದರೇ ವಿನಾ ಒಂದನ್ನೂ ಹೊಗಳಲಿಲ್ಲ. ಕಡ್ಡಿ ಗೀರಿ ನೋಡಬಹುದೇ ಎಂದು ಸಂಕೋಚದಿಂದ ಕೇಳಿದ್ದಕ್ಕೆ ತಾವೇ ಎಳೆ ಕಿತ್ತುಕೊಟ್ಟು, "ಸುಟ್ಟು ನೋಡಕ್ಕಾ, ಅದ್ರಲ್ಲೇನೈತೆ," ಎಂದರು. ಕೂದಲು ಸುಟ್ಟ ವಾಸನೆ ಬಂತು, ಬೂದಿ ಪುಡಿಯಾಯಿತು.

ಬೆಲೆ ಕೇಳಿ ಚೌಕಾಸಿಗೆ ಇಳಿಯುವ ಮೊದಲು ಅದರೊಳಗೆ ಏನೇನು ಸೇರಿದೆ ಎಂಬುದನ್ನು ಕೊಳ್ಳುವವರು ತಿಳಿದಿರಬೇಕು. ಈ ಸೀಮೆಯ ಕುರಿಗಳು ಹೆಚ್ಚಾಗಿ ಬಳ್ಳಾರಿ ಮತ್ತು ದಖ್ಖನಿ ತಳಿಯವು. ಅವುಗಳ ಉಣ್ಣೆ ಒರಟು, ಎಳೆ ಗಿಡ್ಡ, ಒಂದು ಸಲಕ್ಕೆ ಒಂದು ಕುರಿಯಿಂದ ಸಿಗುವುದೂ ಕಡಿಮೆ. ನನ್ನ ಕೈಯಲ್ಲಿದ್ದ ಕಂಬಳಿಗೆ ಎಂಟ್ಹತ್ತು ಕುರಿಗಳ ಉಣ್ಣೆಯಾದರೂ ಬೇಕಾಗಿರುತ್ತದೆ ಎಂದು ಯಜಮಾನರು ಲೆಕ್ಕ ಹೇಳಿದರು. ಕತ್ತರಿಸಿದ ಉಣ್ಣೆಯಲ್ಲಿನ ಮುಳ್ಳು, ಕಸ, ಹಿಕ್ಕೆಗಳನ್ನು ಆರಿಸಿ, ಹಿಂಜಿ, ರಾಟೆಯ ಮೇಲೆ ನೂಲುವವರು ಹೆಚ್ಚಾಗಿ ಮನೆಯ ಹೆಂಗಸರು. ಆ ಕೆಲಸವೇ ಎಲ್ಲಕ್ಕಿಂತ ಹೆಚ್ಚು ದಿನ ಹಿಡಿಯುವಂಥದ್ದು. ಮಗ್ಗದಲ್ಲಿ ಉದ್ದಕ್ಕೆ ಹಾಯುವ ಹಾಸಿನ ನೂಲಿಗೆ ಹುಣಸೆ ಬೀಜವನ್ನು ಅರೆದು ಬೇಯಿಸಿದ ಗಂಜಿಯನ್ನು ಕುಂಚದಿಂದ ಬಳಿದು ಒಣಗಿಸುತ್ತಾರೆ. ಇಲ್ಲವಾದರೆ ಇಷ್ಟು ಒರಟಾದ ನೂಲು ಲಾಳಿಯ ಓಡಾಟಕ್ಕೆ ಸಿಕ್ಕಿ ಪಟಪಟನೆ ಹರಿದುಹೋಗುತ್ತದೆ. ಆಮೇಲೆ ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲಿಳಿಬಿಟ್ಟು ಮಗ್ಗದಲ್ಲಿ ನೇಯುವುದು. ಇಷ್ಟೂ ಜನರ ಇಷ್ಟೂ ದಿನಗಳ ದುಡಿಮೆಯನ್ನು 2,400 ರೂಪಾಯಿಗೆ ಹಂಚಿದರೆ ಒಬ್ಬೊಬ್ಬರಿಗೆ ದಿನಕ್ಕೆ ಏನು ಉಳಿದೀತು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದವಳು ಚೌಕಾಸಿ ಬಿಟ್ಟೆ. ಇದೇ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ 'ಮಾಡಿದಷ್ಟು ನೀಡು ಭಿಕ್ಷೆ' ಎಂಬ, ದುಡಿದಷ್ಟಕ್ಕೆ ತಕ್ಕ ಫಲ ಸಿಗಬೇಕೆನ್ನುವ ಮಾತು ಈ ಭಾಗದಲ್ಲಿ ಎಲ್ಲರ ಬಾಯಲ್ಲೂ ಇದೆ, ನೂಲುವವರ ಪಾಲಿಗೆ ಮಾತ್ರ ಅದು ಇನ್ನೂ ನಿಜವಾದಂತಿಲ್ಲ. ಇದೇ ಜಿಲ್ಲೆಯ ಮೊಳಕಾಲ್ಮುರು ರೇಷ್ಮೆ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ, ಮದುವೆ ಮನೆಗಳಲ್ಲಿ ಅದನ್ನು ಹೆಸರು ಹಿಡಿದು ಗುರುತಿಸುವವರಿದ್ದಾರೆ. ಕಂಬಳಿಯನ್ನು ಹಾಗೆ ಗುರುತಿಸುವ ಕಣ್ಣು ನಮ್ಮ ಪೇಟೆಯ ಮನೆಗಳಲ್ಲಿ ತಪ್ಪಿಹೋಗಿದೆ.

ಮನೆಗೆ ತಂದು ಸೋದರ ಸೊಸೆಯ ಸಲಹೆಯಂತೆ ಗೋಡೆಗೆ ಹಾಕಿದೆವು. ಚೆನ್ನಾಗಿಯೇ ಕಾಣುತ್ತಿತ್ತು, ಅದನ್ನು ಒಪ್ಪಿಕೊಳ್ಳಬೇಕು. ಬಿಳಿಯ ಗೋಡೆಯ ಮೇಲೆ ಆ ಒರಟು ಕಪ್ಪು ಹರವು, ಸಂಜೆಯ ಓರೆ ಬೆಳಕಿಗೆ ಉಬ್ಬಿ ಕಾಣುವ ಎಳೆಗಳು. ಬಂದ ಸ್ನೇಹಿತರೆಲ್ಲ ಮೆಚ್ಚಿ ಫೋಟೋ ತೆಗೆದುಕೊಂಡರು. ತಂದೆಯವರು ಮಾತ್ರ ಎರಡು ದಿನ ಸುಮ್ಮನಿದ್ದು ಮೂರನೆಯ ದಿನ, "ಏನವ್ವಾ, ಹೊದಿಯೋದನ್ನ ಗೋಡಿಗೆ ಹೊದಿಸಿದೆಲ್ಲ, ಗೋಡಿಗೇನು ಚಳಿ ಆಗಿತ್ತೇನು?" ಎಂದು ಕೇಳಿದರು. ಆ ತಿಂಗಳ ಕೂಟದಲ್ಲಿ ಇದೇ ವಿಷಯ ಚರ್ಚೆಗೆ ಬಂತು. ಬಳಕೆಯ ವಸ್ತುವನ್ನು ಬಳಕೆಯಿಂದ ಬಿಡಿಸಿದಾಗಲೇ ಅದರ ರೂಪ ಕಣ್ಣಿಗೆ ಬೀಳುತ್ತದೆ ಎಂಬುದು ಸೊಸೆಯ ವಾದ, ಮತ್ತು ಅದರಲ್ಲಿ ಸತ್ಯವಿದೆ. ಬಾಲ್ಯದಲ್ಲಿ ಅಜ್ಜಿಯ ಊರಿನಲ್ಲಿ ಹತ್ತಾರು ಕಂಬಳಿಗಳ ಮೇಲೆ ಹೊರಳಾಡಿದ್ದರೂ ಆ ಕಪ್ಪಿನೊಳಗಿನ ತುಕ್ಕಿನ ಬಣ್ಣವನ್ನು ನಾನು ಕಂಡದ್ದು ಅದು ಗೋಡೆಗೇರಿದ ಮೇಲೆಯೇ. ಆದರೆ ಕೂಟದಲ್ಲಿದ್ದ ಹಿರಿಯ ಸ್ನೇಹಿತರೊಬ್ಬರು ಹೇಳಿದ ಮಾತು ನನ್ನಲ್ಲಿ ಹೆಚ್ಚು ಕಾಲ ಉಳಿಯಿತು. ನಮ್ಮ ಕಡೆ ದೇವರಿಗೆ ಗದ್ದಿಗೆ ಹಾಕುವುದು ಕಂಬಳಿಯ ಮೇಲೆ, ಹಟ್ಟಿಗಳಲ್ಲಿ ನ್ಯಾಯ ಹೇಳುವ ಹಿರಿಯರನ್ನು ಕೂರಿಸುವುದು ಕಂಬಳಿಯ ಮೇಲೆ. ಅದಕ್ಕೆ ಗೌರವ ಕೊಡಬೇಕೆಂದರೆ ನೆಲಕ್ಕೆ ಹಾಸುತ್ತಾರೆ, ಮೇಲೆ ಏರಿಸುವುದಿಲ್ಲ ಎಂದರು ಅವರು. ಕನಕದಾಸರ ಚಿತ್ರ ಬರೆಯುವವರು ಹೆಗಲ ಮೇಲಿನ ಕಂಬಳಿಯನ್ನು ಮರೆಯುವುದಿಲ್ಲ ಎಂಬುದನ್ನೂ ಅವರೇ ನೆನಪಿಸಿದರು. ರಾಜಕಾರಣಿಗಳ ಹೆಗಲಿಗೆ ವೇದಿಕೆಯಲ್ಲಿ ಹೊದಿಸಿದ ಕಂಬಳಿಗಳು ಆಮೇಲೆ ಯಾರ ಮನೆಯಲ್ಲಿ ಯಾರನ್ನು ಬೆಚ್ಚಗಿಡುತ್ತವೆ ಎಂಬ ಪ್ರಶ್ನೆಯನ್ನು ನಾನು ಎತ್ತಿದೆ, ಉತ್ತರ ಸಿಗಲಿಲ್ಲ.

ಎರಡು ತಿಂಗಳಲ್ಲಿ ವಾದ ತಾನಾಗಿಯೇ ಮುಗಿಯಿತು. ಡಿಸೆಂಬರಿನ ಕೊನೆಯಲ್ಲಿ ಕೆಲಸದ ಮೇಲೆ ಚಿತ್ರದುರ್ಗದಲ್ಲಿ ಹತ್ತು ದಿನ ಉಳಿಯಬೇಕಾಯಿತು. ಜೋಗಿಮಟ್ಟಿಯ ಗುಡ್ಡಸಾಲಿನಲ್ಲಿ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆ ಊರಿನ ರಾತ್ರಿಯ ಗಾಳಿ ಕಿಟಕಿಯ ಸಂದಿಯನ್ನು ಹುಡುಕಿಕೊಂಡು ಬರುತ್ತದೆ. ಗೋಡೆಯ ಕಂಬಳಿಯನ್ನು ಇಳಿಸಿ ಕೊಡವಿ ಜೊತೆಗೆ ಒಯ್ದೆ. ಅಂದಿನಿಂದ ಅದು ಮತ್ತೆ ಗೋಡೆಗೆ ಹೋಗಿಲ್ಲ.

ಹೊದೆಯುವ ಅನುಭವವನ್ನು ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ಮೊದಲ ವಾರ ಶಿಕ್ಷೆಯೇ ಸರಿ. ಗಂಜಿ ಬಿಡದ ಹೊಸ ಕಂಬಳಿ ಹಲಗೆಯಂತೆ ನಿಲ್ಲುತ್ತದೆ, ಮೈಗೆ ಅಂಟಿಕೊಳ್ಳುವುದಿಲ್ಲ. ಕುತ್ತಿಗೆ, ಮೊಣಕೈಗಳಲ್ಲಿ ಚುಚ್ಚುತ್ತದೆ. ಒಳಗೆ ಹಳೆಯ ಹತ್ತಿ ಸೀರೆಯನ್ನು ಸೇರಿಸಿ ಹೊದೆಯುವ ಅಜ್ಜಿಯಂದಿರ ಕ್ರಮಕ್ಕೆ ಶರಣಾದ ಮೇಲೆ ನಿದ್ದೆ ಬಂತು. ಕೂದಲು ಉದುರುತ್ತದೆ ಎಂದು ದೂರುವುದಕ್ಕೆ ನನಗೆ ಬಾಯಿಲ್ಲ; ಕಂಬಳಿಯಲ್ಲಿ ಬುತ್ತಿ ಕಟ್ಟಿಕೊಂಡು ಕೂದಲು ಆರಿಸುವವರನ್ನು ಗಾದೆ ಆಗಲೇ ಗೇಲಿ ಮಾಡಿ ಮುಗಿಸಿದೆ. ಮೊದಲ ಚಳಿಗಾಲ ಕಳೆಯುವ ಹೊತ್ತಿಗೆ ಗಂಜಿ ಸಡಿಲಿ, ಮಡಿಕೆಗಳು ಮೆತ್ತಗಾಗಿ, ಭುಜದ ಮೇಲೆ ಎಳೆದುಕೊಂಡರೆ ಜಾರದೆ ಕೂರುವಂತಾಯಿತು. ಇದರ ಭಾರವೇ ಇದರ ಸುಖ ಎಂಬುದು ಎರಡನೆಯ ಚಳಿಗಾಲದಲ್ಲಿ ತಿಳಿಯಿತು. ಅಕ್ರಿಲಿಕ್ ಹೊದಿಕೆಯಲ್ಲಿ ನಡುರಾತ್ರಿ ಬೆವೆತು ಎದ್ದು ಕೂರುವ ನನಗೆ ಇದರಲ್ಲಿ ಹಾಗಾಗಲಿಲ್ಲ. ಉಣ್ಣೆ ತನ್ನ ತೂಕದ ಶೇ 30ರ ಸುಮಾರಿಗೆ ತೇವವನ್ನು ಒಳಗೆಳೆದುಕೊಂಡರೂ ಮುಟ್ಟಿದವರಿಗೆ ಹಸಿ ಎನ್ನಿಸುವುದಿಲ್ಲ, ಕಾರಣ ಅಷ್ಟೇ.

ಮಳೆಗಾಲದ ಪರೀಕ್ಷೆಯನ್ನೂ ಮಾಡಿದೆ. ಮಲೆನಾಡಿನ ಗದ್ದೆಗಳಲ್ಲಿ ಪ್ಲಾಸ್ಟಿಕ್ ಬರುವ ಮೊದಲು ಕಂಬಳಿ ಕೊಪ್ಪೆಯೇ ಛತ್ರಿಯಾಗಿತ್ತು. ಹಾಗೆ ತಲೆಯ ಮೇಲೆ ಕೊಪ್ಪೆ ಮಾಡಿಕೊಂಡು ಜುಲೈ ತಿಂಗಳ ಒಂದು ಜಿಟಿಜಿಟಿ ಸಂಜೆ ತಾರಸಿಯ ಮೇಲೆ ಅರ್ಧ ಗಂಟೆ ನಿಂತೆ. ನೆರೆಮನೆಯವರು ಏನೆಂದುಕೊಂಡರೋ ತಿಳಿಯದು. ಹನಿಗಳು ಮೇಲ್ಮೈಯಲ್ಲೇ ಮುತ್ತಿನಂತೆ ನಿಂತು ಉರುಳಿದವು, ತಲೆ ನೆನೆಯಲಿಲ್ಲ. ಆದರೆ ಒದ್ದೆಯಾದ ಕಂಬಳಿಯ ತೂಕ, ಅದು ಒಣಗಲು ತೆಗೆದುಕೊಂಡ ಮೂರು ದಿನ, ಆ ಮೂರು ದಿನ ಮನೆಯನ್ನೆಲ್ಲ ತುಂಬಿದ ಕುರಿಯ ವಾಸನೆ, ಇವನ್ನು ಸಹಿಸುವ ಶಕ್ತಿಯಿದ್ದವರು ಮಾತ್ರ ಈ ಪ್ರಯೋಗಕ್ಕೆ ಇಳಿಯಬೇಕು. ವಾಷಿಂಗ್ ಮಷೀನಿಗೆ ಇದನ್ನು ಹಾಕುವಂತೆಯೇ ಇಲ್ಲ, ಬಿಸಿನೀರೂ ಬೇಡ. ಬಿಸಿಲಿಗೆ ಹರವಿ ಕೋಲಿನಿಂದ ಬಡಿದರೆ ಸಾಕು. ಬೇಸಿಗೆಯಲ್ಲಿ ಮಡಿಕೆಗಳ ನಡುವೆ ಒಣಗಿದ ಬೇವಿನೆಲೆ ಇಟ್ಟು, ತಿಂಗಳಿಗೊಮ್ಮೆ ತೆಗೆದು ನೋಡುತ್ತಿರಬೇಕು. ನಾನು ಒಂದು ತಿಂಗಳು ಮರೆತದ್ದರ ಗುರುತಾಗಿ ಒಂದು ಮೂಲೆಯಲ್ಲಿ ಹುಳು ತಿಂದ ಎರಡು ತೂತುಗಳಿವೆ. ಚರ್ಮ ಬಲು ಸೂಕ್ಷ್ಮವಾಗಿರುವವರಿಗೂ ಉಬ್ಬಸದವರಿಗೂ ನಾನು ಇದನ್ನು ಕೊಳ್ಳಿರೆಂದು ಹೇಳಲಾರೆ.

ಅಂಗಡಿಯ ಬಗ್ಗೆ ನನ್ನ ತಕರಾರು ಒಂದೇ. ಅಟ್ಟಿಯಲ್ಲಿದ್ದ ಯಾವ ಕಂಬಳಿಯ ಮೇಲೂ ನೂಲಿದವರ, ನೇಯ್ದವರ ಹೆಸರಿರಲಿಲ್ಲ, ಊರಿನ ಹೆಸರೂ ಇರಲಿಲ್ಲ. ಕಳೆದ ತಿಂಗಳು ಸೊಸೆ ತನಗೂ ಒಂದು ಬೇಕೆಂದು, ಈ ಸಲ ಮಂಚಕ್ಕೇ ಎಂದು, ಹೇಳಿದ್ದರಿಂದ ಅವಳನ್ನು ಕರೆದುಕೊಂಡು ಮತ್ತೆ ಹೋಗಿದ್ದೆ. ದಾರಿಯಲ್ಲಿ ಅವಳಿಗೆ ಕಾವಲಿನ ಕಥೆ ಹೇಳಿದೆ. ಅಮೃತಮಹಲ್ ದನಗಳಿಗೆಂದು ಅರಸರ ಕಾಲದಿಂದ ಬಿಟ್ಟಿದ್ದ ಹುಲ್ಲುಗಾವಲಿನಲ್ಲಿ ಸುತ್ತಲ ಹಳ್ಳಿಗಳ ಕುರಿಗಳೂ ಮೇಯುತ್ತಿದ್ದವು. ಇದೇ ತಾಲ್ಲೂಕಿನ ಕುದಾಪುರ, ಉಳ್ಳಾರ್ತಿ, ವರವು ಕಾವಲುಗಳಲ್ಲಿ ಸಾವಿರಾರು ಎಕರೆ ಈಗ ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಅಣುಶಕ್ತಿ ಸಂಸ್ಥೆಗಳಿಗೂ ಭಾರತೀಯ ವಿಜ್ಞಾನ ಸಂಸ್ಥೆಗೂ ಸೇರಿದೆ. ಮೇವಿನ ನೆಲ ಕಿರಿದಾದರೆ ಮಂದೆ ಕಿರಿದಾಗುತ್ತದೆ, ಮಂದೆ ಕಿರಿದಾದರೆ ಉಣ್ಣೆ ಕಡಿಮೆಯಾಗುತ್ತದೆ. ಅಂಗಡಿಯ ಅಟ್ಟಿಗಳು ಎರಡು ವರ್ಷದ ಹಿಂದಿಗಿಂತ ಗಿಡ್ಡವಾದಂತೆ ನನಗೆ ಕಂಡವು. ಯಜಮಾನರನ್ನು ಕೇಳಿದ್ದಕ್ಕೆ, "ನೂಲೋರು ಕಮ್ಮಿ ಆಗ್ಯಾರಕ್ಕಾ, ಹುಡುಗೀರು ಯಾರೂ ರಾಟೆ ಮುಟ್ಟಲ್ಲ," ಎಂದರು.

ಸೊಸೆ ಕಂದು ಬಣ್ಣದ ಒಂದನ್ನು ಆರಿಸಿ, ಅಂಚನ್ನು ಅಜ್ಜನ ಹಾಗೆಯೇ ಎರಡು ಬೆರಳ ನಡುವೆ ಹೊಸೆದು ನೋಡಿ, ಇದನ್ನು ನೇಯ್ದವರ ಹೆಸರೇನು ಎಂದು ಕೇಳಿದಳು. ಯಜಮಾನರು ಒಂದು ಕ್ಷಣ ಅವಳ ಮುಖ ನೋಡಿ, ಮೊಬೈಲ್ ತೆಗೆದು ಯಾರಿಗೋ ಕರೆ ಮಾಡಿದರು. ಬಿಲ್ಲಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಎರಡು ಹೆಸರು ಬರೆದುಕೊಟ್ಟರು, ನೇಯ್ದವರದು ಒಂದು, ನೂಲಿದ ಅವರ ತಾಯಿಯದು ಇನ್ನೊಂದು.